310ಎಸ್ ಬಾಸ್ಕೆಟ್‌ಗೆ ಅಲ್ಯೂಮಿನೈಸಿಂಗ್ ಮಾಡಿದರೂ ಅಂಚಿನಲ್ಲಿ ಚಕ್ಕೆ ಏಳುತ್ತಿದೆ, ಯಾಕೆ?

ಕುಲುಮೆಬದಿ:

ಹೀಟ್ ಟ್ರೀಟ್‌ಮೆಂಟ್ ಫರ್ನೇಸ್‌ನಲ್ಲಿ ಬಿಡಿಭಾಗ ಜೋಡಿಸಿಡುವ ಬಾಸ್ಕೆಟ್‌ಗಳ ವಿಚಾರ. ಲೋಹ 310ಎಸ್ ಸ್ಟೇನ್‌ಲೆಸ್, 3 ಮಿ.ಮೀ. ಪಟ್ಟಿ, 8 ಮಿ.ಮೀ. ಸರಳು, ಟಿಗ್ ವೆಲ್ಡ್. ಎಲೆಕ್ಟ್ರಿಕ್ ಫರ್ನೇಸ್, ಒಳಗೆ ಬರೀ ಗಾಳಿ, 980 ಡಿಗ್ರಿ ಸೆಲ್ಸಿಯಸ್. ದಿನಕ್ಕೊಂದು ಸೈಕಲ್: 6 ಗಂಟೆ ಕಾದು, ಫರ್ನೇಸ್‌ನಿಂದ ಹೊರಬಂದು ಗಾಳಿಯಲ್ಲಿ ತಣ್ಣಗಾಗುತ್ತದೆ. ಎಣ್ಣೆ, ನೀರಿನ ಕ್ವೆಂಚ್ ಇಲ್ಲ. ತೊಂದರೆ ಏನೆಂದರೆ ಆಕ್ಸೈಡ್ ಚಕ್ಕೆ ಉದುರಿ ಬಿಡಿಭಾಗಗಳ ಮೇಲೆ ಕೂತು ಕಲೆ ಮಾಡುತ್ತದೆ.

ಇದಕ್ಕೆ ಪ್ಯಾಕ್ ಅಲ್ಯೂಮಿನೈಸಿಂಗ್ (ಡಬ್ಬಿಯಲ್ಲಿ ಪುಡಿಯೊಳಗೆ ಹೂತು ಕಾಯಿಸಿ, ಲೋಹದ ಮೇಲ್ಮೈಗೆ ಅಲ್ಯೂಮಿನಿಯಂ ಹರಡಿಸುವುದು) ಮಾಡಿಸಿದೆವು. ಪುಡಿ ಮಿಶ್ರಣ ತೂಕದಲ್ಲಿ 15% ಶುದ್ಧ ಅಲ್ಯೂಮಿನಿಯಂ, 3% ಅಮೋನಿಯಂ ಕ್ಲೋರೈಡ್, ಉಳಿದ 82% ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್). 900 ಡಿಗ್ರಿ, 6 ಗಂಟೆ. ಪದರ 150 ಮೈಕ್ರಾನ್‌ಗಿಂತ ಹೆಚ್ಚು ಬಂದಿದೆ. ಅಲ್ಲಲ್ಲಿ ಪುಡಿಯ ಗಂಟು ಅಂಟಿಕೊಂಡಿದೆ, ಪಟ್ಟಿಯ ಅಂಚುಗಳಲ್ಲಿ ಬಿಸಿಗೆ ಹಾಕುವ ಮೊದಲೇ ಕೂದಲೆಳೆ ಬಿರುಕು ಕಾಣುತ್ತದೆ. ಕೆಲವೇ ಸೈಕಲ್ ಆಗುವಷ್ಟರಲ್ಲಿ ಅಂಚಿನಿಂದ ಚಕ್ಕೆ ಏಳಲು ಶುರು.

ಮಿಶ್ರಣದ ತಪ್ಪೋ, ತಾಪದ ತಪ್ಪೋ? ಅಥವಾ ಇದನ್ನು ಬಿಟ್ಟು ಎಚ್‌ವಿಓಎಫ್ ಸ್ಪ್ರೇ (ಅತಿವೇಗದ ಜ್ವಾಲೆಯಿಂದ ಪುಡಿ ಸಿಂಪಡಿಸುವುದು), ಜಿರ್ಕೋನಿಯಾ ಎಂಬ ಸೆರಾಮಿಕ್‌ನ ಲೇಪನ ಇಂಥದ್ದಕ್ಕೆ ಹೋಗುವುದು ಮೇಲೋ?

---

ಲೋಹಪದರ:

ನಿಮ್ಮ ಮಿಶ್ರಣದಲ್ಲಿ ಅಲ್ಯೂಮಿನಿಯಂನ ಚಟುವಟಿಕೆ ವಿಪರೀತ ಹೆಚ್ಚು. 15% ಶುದ್ಧ ಅಲ್ಯೂಮಿನಿಯಂ ಪುಡಿ ಇಟ್ಟುಕೊಂಡು 900 ಡಿಗ್ರಿಗೆ ಹೋದರೆ ಲೋಹದೊಳಕ್ಕೆ ಹರಡಿಕೊಳ್ಳುವ ವೇಗಕ್ಕಿಂತ ಜೋರಾಗಿ ಅಲ್ಯೂಮಿನಿಯಂ ಮೇಲ್ಮೈಗೆ ಬಂದು ಬೀಳುತ್ತದೆ. ಆಗ ಹುಟ್ಟುವುದು ಎರಡು ಕಬ್ಬಿಣಕ್ಕೆ ಐದು ಅಲ್ಯೂಮಿನಿಯಂ, ಒಂದಕ್ಕೆ ಮೂರು ಎಂಬ ಅನುಪಾತದ ಸಂಯುಕ್ತಗಳು. ಇವುಗಳ ಗಡಸುತನ 1000 ವಿಕರ್ಸ್ ಆಸುಪಾಸು, ಬಾಗುವ ಗುಣ ಶೂನ್ಯ. ತಣ್ಣಗಾಗುವಾಗಲೇ ಒಡೆಯುತ್ತವೆ; ಅಂಚಿನಲ್ಲಿ ಎರಡು ದಿಕ್ಕಿನಿಂದ ಬೆಳೆದ ಪದರಗಳು ಸಂಧಿಸುವುದರಿಂದ ಅಲ್ಲೇ ಮೊದಲು. ಗಂಟು ಅಂಟಿಕೊಳ್ಳುವುದಕ್ಕೂ ಅದೇ ಮೂಲ: ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಕರಗಿದ ಹನಿಗಳು ಅಲ್ಯೂಮಿನಾ ಕಣಗಳನ್ನು ಕೂಡಿಸಿಕೊಂಡು ಲೋಹಕ್ಕೆ ಕಚ್ಚಿಕೊಳ್ಳುತ್ತವೆ.

ನಿಮಗೆ ಬೇಕಿರುವುದು ಒಂದಕ್ಕೊಂದು ಅನುಪಾತದ ಅಲ್ಯೂಮಿನೈಡ್ (ಅಲ್ಯೂಮಿನಿಯಂ ಜೊತೆ ಇನ್ನೊಂದು ಲೋಹ ಸೇರಿದ ಸಂಯುಕ್ತ). 310ಎಸ್‌ನಲ್ಲಿ ನಿಕಲ್ 20% ಇರುವುದರಿಂದ ಕಬ್ಬಿಣ, ನಿಕಲ್ ಎರಡೂ ಸೇರಿದ ಅಲ್ಯೂಮಿನೈಡ್ ಬರುತ್ತದೆ. ಅದರಡಿ ಅಲ್ಯೂಮಿನಿಯಂ ಹರಡಿದ ಫೆರೈಟ್ (ಕಬ್ಬಿಣದ ಒಂದು ಹರಳು ರೂಪ) ಪದರ, ಅದರೊಳಗೆ ನಿಕಲ್ ಅಲ್ಯೂಮಿನೈಡ್‌ನ ಸಣ್ಣ ಕಣಗಳು. ಇದಕ್ಕೆ ದಾರಿ, ಶುದ್ಧ ಅಲ್ಯೂಮಿನಿಯಂ ಬದಲು ಕ್ರೋಮಿಯಂ-ಅಲ್ಯೂಮಿನಿಯಂ ಮಾಸ್ಟರ್ ಅಲಾಯ್ (ಮೊದಲೇ ಬೆರೆಸಿದ ಮಿಶ್ರಲೋಹ) ಪುಡಿ ಬಳಸಿ, ತಾಪ ಏರಿಸುವುದು. ನಾನು ಹೇಳುವ ಮಿಶ್ರಣ:

ಕ್ರೋಮಿಯಂ 70, ಅಲ್ಯೂಮಿನಿಯಂ 30 ಇರುವ ಮಾಸ್ಟರ್ ಅಲಾಯ್ ಪುಡಿ: 20%
ಅಮೋನಿಯಂ ಕ್ಲೋರೈಡ್ (ನಮ್ಮ ನವಸಾಗರ): 2%
ಅಲ್ಯೂಮಿನಾ, ಸುಮಾರು 100 ಮೆಶ್: 78%
1050 ಡಿಗ್ರಿ, 4ರಿಂದ 6 ಗಂಟೆ, ಆರ್ಗಾನ್ ಹರಿವಿನಲ್ಲಿ.

ಪ್ರಮಾಣದ ಲೆಕ್ಕವನ್ನು ಹಾಕಿಯೇ ಡಬ್ಬಿ ತುಂಬಿಸಿ. 100 ಮೈಕ್ರಾನ್ ದಪ್ಪದ ಅಲ್ಯೂಮಿನೈಡ್ ಪದರದಲ್ಲಿ ಚದರ ಸೆಂಟಿಮೀಟರ್‌ಗೆ ಸುಮಾರು 18 ಮಿಲಿಗ್ರಾಂ ಅಲ್ಯೂಮಿನಿಯಂ ಇರುತ್ತದೆ. ಮೇಲಿನ ಮಿಶ್ರಣದ ಒಂದು ಕಿಲೋದಲ್ಲಿ 60 ಗ್ರಾಂ ಅಲ್ಯೂಮಿನಿಯಂ ಇದೆ. 500 ಚದರ ಸೆಂ.ಮೀ. ಮೇಲ್ಮೈ ಇಟ್ಟರೆ 9 ಗ್ರಾಂ ಖರ್ಚು, ಅಂದರೆ ಏಳರಲ್ಲೊಂದು ಪಾಲು. ಕಿಲೋಗೆ 500 ಚದರ ಸೆಂ.ಮೀ. ದಾಟಿಸಬೇಡಿ, ದಾಟಿದರೆ ಡಬ್ಬಿಯ ನಡುವಿನ ಭಾಗಗಳಿಗೆ ತೆಳು ಪದರ, ಗೋಡೆ ಬದಿಯವಕ್ಕೆ ದಪ್ಪ ಪದರ ಬರುತ್ತದೆ. ಬಳಸಿದ ಪುಡಿಗೆ ಬರೀ ನವಸಾಗರ ಸೇರಿಸಿ ಮತ್ತೆ ಮತ್ತೆ ತಿರುಗಿಸುವ ರೂಢಿ ಇದೆ. ಪ್ರತಿ ಬ್ಯಾಚಿನಲ್ಲೂ ಒಂದು ಕೂಪನ್ (ಪರೀಕ್ಷೆಗಿಡುವ ಸಣ್ಣ ಲೋಹದ ತುಂಡು) ಇಟ್ಟು ತೂಕ ನೋಡುವವರು ಮಾತ್ರ ಹಾಗೆ ಮಾಡಬಹುದು.

ತಯಾರಿ ಹೀಗೆ. ವೆಲ್ಡಿಂಗ್ ಕೆಲಸವೆಲ್ಲ ಮೊದಲೇ ಮುಗಿದಿರಬೇಕು; ಲೇಪನವಾದ ಲೋಹಕ್ಕೆ ವೆಲ್ಡ್ ಹಾಕಿದರೆ ಅಲ್ಯೂಮಿನಿಯಂ ವೆಲ್ಡ್ ಕೊಳಕ್ಕೆ ಇಳಿದು ಬಿರುಕು ಖಚಿತ. ಎಲ್ಲ ಅಂಚುಗಳನ್ನೂ ಕನಿಷ್ಠ 1 ಮಿ.ಮೀ. ತ್ರಿಜ್ಯಕ್ಕೆ ಉರುಟು ಮಾಡಿ. ಕತ್ತರಿಸಿದ ಪಟ್ಟಿಯ ಬರ್ (ಅಂಚಿನ ಚೂಪು ಏಣು) ಹಾಗೇ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ವೆಲ್ಡಿನ ಕಪ್ಪು, ಹಳೆಯ ಆಕ್ಸೈಡ್ ಎಲ್ಲ ಹೋಗುವಂತೆ 220 ಮೆಶ್ ಅಲ್ಯೂಮಿನಾದಿಂದ ಬ್ಲಾಸ್ಟ್ ಮಾಡಿ, ಅಸಿಟೋನ್‌ನಲ್ಲಿ ತೊಳೆದು, ಆಮೇಲೆ ಬರಿಗೈ ತಾಗಿಸಬೇಡಿ. ಸ್ಟೀಲ್ ಗ್ರಿಟ್ ಬೇಡ, ಕಬ್ಬಿಣದ ಕಣ ಹುದುಗಿಕೊಳ್ಳುತ್ತದೆ.

ಅಲ್ಯೂಮಿನಾ ಪುಡಿಯನ್ನು ಮೊದಲ ಸಲ ಬಳಸುವಾಗ 1000 ಡಿಗ್ರಿ ಮೇಲೆ ಕೆಲವು ಗಂಟೆ ಕಾಯಿಸಿ ತೇವ ತೆಗೆಯಿರಿ. ಡಬ್ಬಿಯ ಗೋಡೆಯಿಂದಲೂ ಒಂದು ಭಾಗದಿಂದ ಇನ್ನೊಂದಕ್ಕೂ 15–20 ಮಿ.ಮೀ. ಅಂತರ ಇರಲಿ. ಪುಡಿಯನ್ನು ಕುಟ್ಟಿ ಗಟ್ಟಿ ಮಾಡಬೇಡಿ, ಡಬ್ಬಿಯನ್ನು ತಟ್ಟಿ ಕೂರಿಸಿದರೆ ಸಾಕು. 150 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ ತೇವ ಹೋಗಲಿ, ಆಮೇಲೆ ಏರಿಸಿ.

ಕಡಿಮೆ ಚಟುವಟಿಕೆಯ ಈ ವಿಧಾನದಲ್ಲಿ ಪದರ ಹೊರಮುಖವಾಗಿ ಬೆಳೆಯುವುದರಿಂದ ಪುಡಿಯ ಕಣಗಳು ಅದರಲ್ಲಿ ಹುದುಗುತ್ತವೆ. ಅದು ಬೇಡವೆಂದರೆ ಭಾಗವನ್ನು ಪುಡಿಯೊಳಗೆ ಹೂಳದೆ, ಪುಡಿಯ ಮೇಲೆ ತೂಗುಹಾಕಿ. ಆವಿ ಮಾತ್ರ ತಲುಪುತ್ತದೆ. ಪದರ ಸ್ವಲ್ಪ ತೆಳು, ಆದರೆ ಮೇಲ್ಮೈ ಬಲು ಶುಭ್ರ. ಬಾಸ್ಕೆಟ್‌ನಂಥ ಟೊಳ್ಳು ಆಕಾರಕ್ಕೆ ನನ್ನ ಒಲವು ಇದರ ಕಡೆಗೇ.

ಈಗಿರುವ ಬಾಸ್ಕೆಟ್‌ಗಳಲ್ಲಿ ಬಿರುಕು ಬೀಳದಿರುವವನ್ನು ಆರ್ಗಾನ್‌ನಲ್ಲಿ 1050 ಡಿಗ್ರಿಗೆ 4 ಗಂಟೆ ಇಟ್ಟರೆ ಅಲ್ಯೂಮಿನಿಯಂ ಒಳಕ್ಕೆ ಹರಡಿ ಗಡಸು ಪದರ ಮೆದುವಾಗುತ್ತದೆ. ಬಿರುಕು ಬಿದ್ದವನ್ನು ಬ್ಲಾಸ್ಟ್ ಮಾಡಿ ಮೇಲಿನ ಪದರ ಉದುರಿಸಿ, ಮೊದಲಿಂದ ಶುರು ಮಾಡಿ. ಬಿರುಕು ಈ ಉಷ್ಣೋಪಚಾರದಿಂದ ಕೂಡುವುದಿಲ್ಲ.

---

ಸ್ಪ್ರೇಬೂತ್:

ಸ್ಪ್ರೇ ಬಗ್ಗೆ ಕೇಳಿದ್ದೀರಿ. ಬಾಸ್ಕೆಟ್‌ಗೆ ಬೇಡ. ಗನ್‌ಗೆ ಕಣ್ಣಿಗೆ ಕಾಣುವ ಜಾಗ ಮಾತ್ರ ಸಿಗುತ್ತದೆ. ಸರಳಿನ ಹಿಂಬದಿ, ಒಳಮೂಲೆ, ಜಾಲರಿಯ ಕಣ್ಣು, ಇಲ್ಲೆಲ್ಲ ಕೋನ 45 ಡಿಗ್ರಿಗಿಂತ ಕೆಳಗಿಳಿದು ಪದರ ರಂಧ್ರಮಯವಾಗುತ್ತದೆ, ಅಲ್ಲಿಂದಲೇ ಆಕ್ಸಿಜನ್ ನುಗ್ಗುತ್ತದೆ. ಚಪ್ಪಟೆ ಟ್ರೇ, ರೋಲರ್, ಟ್ಯೂಬಿನ ಹೊರಮೈ ಇದ್ದಿದ್ದರೆ ಮಾತು ಬೇರೆ. ಆಗ ನಿಕಲ್-22 ಕ್ರೋಮಿಯಂ-10 ಅಲ್ಯೂಮಿನಿಯಂ-1 ಇಟ್ರಿಯಂ ಪುಡಿ, ಎಚ್‌ವಿಓಎಫ್, 150–200 ಮೈಕ್ರಾನ್. ಅದಕ್ಕಿಂತ ದಪ್ಪ ಮಾಡಿದರೆ ಒಳ ಒತ್ತಡಕ್ಕೆ ಅಂಚಿನಿಂದ ಎದ್ದು ಬರುತ್ತದೆ. ಸ್ಪ್ರೇ ಆದ ಮೇಲೆ ನಿರ್ವಾತದಲ್ಲಿ 1080 ಡಿಗ್ರಿ, 4 ಗಂಟೆ. ಇದನ್ನು ಉಳಿಸಲು ಹೋದರೆ ಪದರಕ್ಕೂ ಲೋಹಕ್ಕೂ ನಡುವೆ ಬೆಸುಗೆ ಕೂಡುವುದಿಲ್ಲ, ಬರೀ ಒರಟುತನದ ಹಿಡಿತದ ಮೇಲೆ ನಿಂತಿರುತ್ತದೆ. ಸಾಮಾನ್ಯ ಏರ್ ಪ್ಲಾಸ್ಮಾದಲ್ಲಿ ಈ ಪುಡಿ ಹೊಡೆಯುವುದು ನನಗೆ ಸಮ್ಮತವಲ್ಲ: ಗಾಳಿಯಲ್ಲಿ ಹಾರುವಾಗಲೇ ಇಟ್ರಿಯಂ, ಅಲ್ಯೂಮಿನಿಯಂ ಎರಡೂ ಭಾಗಶಃ ಆಕ್ಸೈಡ್ ಆಗಿಬಿಡುತ್ತವೆ, ಯಾವುದಕ್ಕೆ ಹಣ ಕೊಟ್ಟಿರೋ ಅದೇ ಹೋಗುತ್ತದೆ.

ಜಿರ್ಕೋನಿಯಾ ಇಲ್ಲಿ ಪೂರ್ತಿ ಅನಗತ್ಯ. 7–8% ಇಟ್ರಿಯಾ ಸೇರಿದ ಜಿರ್ಕೋನಿಯಾ ಶಾಖ ತಡೆಯುವ ಪದರ, ಆಕ್ಸಿಜನ್ ತಡೆಯುವ ಪದರವಲ್ಲ. ರಂಧ್ರಗಳನ್ನು ಬಿಡಿ, ಬಿಸಿಯಲ್ಲಿ ಅದರ ಹರಳಿನ ಮೂಲಕವೇ ಆಕ್ಸಿಜನ್ ಅಯಾನುಗಳು ಹಾದುಹೋಗುತ್ತವೆ. ಟರ್ಬೈನ್ ಬ್ಲೇಡಿಗೆ ಉಪಯೋಗ ಯಾಕೆಂದರೆ ಒಳಗಿನಿಂದ ತಂಪು ಗಾಳಿ ಹರಿಯುತ್ತದೆ, ಹೊರಗೂ ಒಳಗೂ ತಾಪದ ಅಂತರ ಇರುತ್ತದೆ. ನಿಮ್ಮ ಬಾಸ್ಕೆಟ್ ಆರು ಗಂಟೆ ಫರ್ನೇಸ್‌ನಲ್ಲಿ ಕೂತರೆ ಒಳಗೂ 980, ಹೊರಗೂ 980. ತಡೆಯಲು ಅಂತರವೇ ಇಲ್ಲ.

ಡಬ್ಬದಲ್ಲಿ ಬರುವ "ಹೈ ಟೆಂಪರೇಚರ್ ಸೆರಾಮಿಕ್ ಪೇಂಟ್" ಕೂಡ ಇದೇ ಸಾಲಿಗೆ. ಸಿಲಿಕೇಟ್ ಬಂಧಕದ ಪದರ, ರಂಧ್ರ ತುಂಬಿರುತ್ತದೆ, ಅಡಿಯಲ್ಲಿ ಕ್ರೋಮಿಯಂ ಆಕ್ಸೈಡ್ ಬೆಳೆದು ಅದನ್ನೇ ಎತ್ತಿ ಉದುರಿಸುತ್ತದೆ.

---

ತೂಕಪಟ್ಟಿ:

ಮೇಲಿನ ಎರಡೂ ಉತ್ತರಗಳಿಗೆ ಸಹಮತ. ಆದರೆ ಲೇಪನ ಎಷ್ಟು ದಿನ ಬಾಳುತ್ತದೆ, ಯಾವುದರಿಂದ ಸಾಯುತ್ತದೆ ಎಂಬುದನ್ನು ಯಾರೂ ಮುಟ್ಟಿಲ್ಲ. ಕಾಸು ಹಾಕುವ ಮುಂಚೆ ಅದು ಗೊತ್ತಿರಬೇಕು.

ಮೊದಲು ಲೇಪನವಿಲ್ಲದ 310ಎಸ್ ಯಾಕೆ ಉದುರುತ್ತದೆ? ಈ ಉಕ್ಕಿನ ಕೈಪಿಡಿ ಮಿತಿ ಗಾಳಿಯಲ್ಲಿ ಸತತ ಬಳಕೆಗೆ ಸುಮಾರು 1150 ಡಿಗ್ರಿ, ಬಿಟ್ಟು ಬಿಟ್ಟು ಬಳಸಿದರೆ ಸುಮಾರು 1035. ಬಿಟ್ಟು ಬಿಟ್ಟು ಬಳಸಿದಾಗ ಮಿತಿ ಕೆಳಗಿರುವುದನ್ನು ಗಮನಿಸಿ. 310ಎಸ್‌ನಂಥ ಆಸ್ಟೆನಿಟಿಕ್ ಉಕ್ಕು ಡಿಗ್ರಿಗೆ ದಶಲಕ್ಷದಲ್ಲಿ 18ರ ಆಸುಪಾಸು ಹಿಗ್ಗುತ್ತದೆ, ಅದರ ಮೇಲಿನ ಆಕ್ಸೈಡ್ 8–9 ಮಾತ್ರ. ತಣ್ಣಗಾಗುವಾಗ ಲೋಹ ಹೆಚ್ಚು ಕುಗ್ಗಿ ಆಕ್ಸೈಡನ್ನು ಹಿಂಡುತ್ತದೆ. ಅಲ್ಯೂಮಿನಾ ಪದರಕ್ಕೇ ಲೆಕ್ಕ ಹಾಕಿ: ವ್ಯತ್ಯಾಸ 9.5, ತಾಪದ ಇಳಿತ 950 ಡಿಗ್ರಿ, ಸ್ಥಿತಿಸ್ಥಾಪಕ ಗುಣಾಂಕ 390 ಗಿಗಾಪಾಸ್ಕಲ್, ಪಾಯ್ಸನ್ ಅನುಪಾತ 0.25. ಬರುವ ಹಿಂಡುವ ಒತ್ತಡ 4.5ರಿಂದ 5 ಗಿಗಾಪಾಸ್ಕಲ್. ಪದರದಲ್ಲಿ ಕೂಡಿಡುವ ಶಕ್ತಿ ದಪ್ಪಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ತೆಳು ಆಕ್ಸೈಡ್ ಅಂಟಿಕೊಂಡಿರುತ್ತದೆ, ಒಂದು ದಪ್ಪ ದಾಟಿದ ಮೇಲೆ ಚಕ್ಕೆಯಾಗಿ ಏಳುತ್ತದೆ. ಅಲ್ಯೂಮಿನಾದ ಹೆಚ್ಚುಗಾರಿಕೆ ಇರುವುದು ನಿಧಾನವಾಗಿ ಬೆಳೆಯುವುದರಲ್ಲಿ. ಆ ದಪ್ಪ ಮುಟ್ಟಲು ಅದಕ್ಕೆ ಕ್ರೋಮಿಯಂ ಆಕ್ಸೈಡಿಗಿಂತ ಬಹಳ ಕಾಲ ಬೇಕು. ಜೊತೆಗೆ ಕ್ರೋಮಿಯಂ ಆಕ್ಸೈಡ್ 1000 ಡಿಗ್ರಿ ಹತ್ತಿರ ಆವಿಯಾಗತೊಡಗುತ್ತದೆ, ನೀರಾವಿ ಇದ್ದರೆ ಇನ್ನೂ ಕಡಿಮೆ ತಾಪದಲ್ಲೇ. ಅಲ್ಯೂಮಿನಾಕ್ಕೆ ನಿಮ್ಮ ತಾಪದಲ್ಲಿ ಆ ಗೋಳಿಲ್ಲ.

ಇನ್ನು ಆಯುಷ್ಯ. ಒಂದು ಮೈಕ್ರಾನ್ ಅಲ್ಯೂಮಿನಾ ಬೆಳೆಯಲು ಚದರ ಸೆಂ.ಮೀ.ಗೆ ಬೇಕಾಗುವುದು ಸುಮಾರು 0.2 ಮಿಲಿಗ್ರಾಂ ಅಲ್ಯೂಮಿನಿಯಂ. 18 ಮಿಲಿಗ್ರಾಂ ದಾಸ್ತಾನಿನಲ್ಲಿ 5 ಮೈಕ್ರಾನ್ ಆಕ್ಸೈಡ್ ಬೆಳೆದು, ಪೂರ್ತಿ ಉದುರಿ, ಮತ್ತೆ ಅಷ್ಟೇ ಬೆಳೆದರೂ ಖರ್ಚು 2 ಮಿಲಿಗ್ರಾಂ. ಅಂದರೆ ಹೊರಬದಿಯ ಖರ್ಚು ಚಿಲ್ಲರೆ. ದೊಡ್ಡ ಸೋರಿಕೆ ಒಳಬದಿಗೆ: 980 ಡಿಗ್ರಿಯಲ್ಲಿ ಅಲ್ಯೂಮಿನಿಯಂ ದಿನವೂ ಉಕ್ಕಿನೊಳಕ್ಕೆ ಹರಡುತ್ತಲೇ ಇರುತ್ತದೆ. ಮೇಲ್ಮೈಯಲ್ಲಿ ಸಾಂದ್ರತೆ ಇಳಿಯುತ್ತಾ ಇಳಿಯುತ್ತಾ ಒಂದು ಹಂತದಲ್ಲಿ ಉದುರಿದ ಜಾಗದಲ್ಲಿ ಮತ್ತೆ ಅಲ್ಯೂಮಿನಾ ಹುಟ್ಟುವುದಿಲ್ಲ, ಕಬ್ಬಿಣ-ಕ್ರೋಮಿಯಂ ಆಕ್ಸೈಡ್ ಹುಟ್ಟುತ್ತದೆ. ಲೇಪನ ಮುಗಿಯಿತು. ಪಟ್ಟಿ ತೆಳುವಾದಷ್ಟೂ ಒಳಗೆ ಹರಡಲು ಜಾಗ ಕಡಿಮೆ ಎಂಬುದು ಒಂದು ಸಣ್ಣ ಅನುಕೂಲ, ಆದರೆ 3 ಮಿ.ಮೀ.ಗೆ ಅದು ಗಣನೆಗೆ ಬಾರದು. ಹರಡುವಿಕೆಯ ಇನ್ನೊಂದು ಫಲ, ಪದರ ಮತ್ತು ಉಕ್ಕಿನ ಗಡಿಯಲ್ಲಿ ಕಿರ್ಕೆಂಡಾಲ್ ರಂಧ್ರಗಳ (ಲೋಹಗಳು ಬೇರೆ ಬೇರೆ ವೇಗದಲ್ಲಿ ಹರಡುವುದರಿಂದ ಉಳಿಯುವ ಟೊಳ್ಳು) ಸಾಲು. ಅವು ಒಂದಕ್ಕೊಂದು ಕೂಡಿದರೆ ಆಕ್ಸೈಡ್ ಮಾತ್ರವಲ್ಲ, ಪದರವೇ ಎದ್ದುಬರುತ್ತದೆ.

ಆದ್ದರಿಂದ ಲೋಹಪದರ ಹೇಳಿದ 100 ಮೈಕ್ರಾನ್ ಸರಿಯಾದ ಗುರಿ. 50ಕ್ಕೆ ಇಳಿಸಿದರೆ ದಾಸ್ತಾನು ಸಾಲದು, 200ಕ್ಕೆ ಏರಿಸಿದರೆ ಅಂಚು ಒಡೆಯುತ್ತದೆ.

ಒಂದು ಹಂತ ಸೇರಿಸುತ್ತೇನೆ. ಲೇಪನವಾದ ಬಾಸ್ಕೆಟನ್ನು ನೇರ ಕೆಲಸಕ್ಕೆ ಹಾಕಬೇಡಿ. ಅಲ್ಯೂಮಿನೈಡ್ ಮೇಲೆ ಸುಮಾರು 1000 ಡಿಗ್ರಿಯ ಒಳಗೆ ಮೊದಲು ಹುಟ್ಟುವುದು ಥೀಟಾ ರೂಪದ ಅಲ್ಯೂಮಿನಾ, ಸೂಜಿ ಸೂಜಿಯಾಗಿ, ವೇಗವಾಗಿ ಬೆಳೆಯುತ್ತದೆ. ಅದು ಸ್ಥಿರವಾದ ಆಲ್ಫಾ ರೂಪಕ್ಕೆ ಬದಲಾಗುವಾಗ ಗಾತ್ರ ಕುಗ್ಗಿ ಸೀಳುತ್ತದೆ. ಖಾಲಿ ಬಾಸ್ಕೆಟನ್ನು ಒಣ ಗಾಳಿಯಲ್ಲಿ 1050 ಡಿಗ್ರಿಗೆ ಕೆಲವು ಗಂಟೆ ಇಟ್ಟು, ನಿಧಾನ ತಣಿಸಿದರೆ ಶುರುವಿನಲ್ಲೇ ಆಲ್ಫಾ ಪದರ ಸಿಗುತ್ತದೆ. ನಿಮ್ಮ ಫರ್ನೇಸ್ 1050 ಮುಟ್ಟದಿದ್ದರೆ ಲೇಪನ ಮಾಡುವವರ ಬಳಿಯೇ ಕೇಳಿ.

ಪರೀಕ್ಷೆಗೆ 20×15×3 ಮಿ.ಮೀ. ಕೂಪನ್, ಅದೇ ಪಟ್ಟಿಯಿಂದ ಕತ್ತರಿಸಿದ್ದು, ಅದೇ ಅಂಚಿನ ತ್ರಿಜ್ಯ. ಪ್ರತಿಯೊಂದನ್ನೂ ಮುಂಚೆ ಕಾಯಿಸಿ ತೂಗಿದ ಅಲ್ಯೂಮಿನಾ ಕ್ರೂಸಿಬಲ್‌ನಲ್ಲಿಟ್ಟು 980 ಡಿಗ್ರಿ ಒಂದು ಗಂಟೆ, ಹೊರಗೆ 15 ನಿಮಿಷ. ತಣ್ಣಗಾಗುವಾಗ ಕ್ರೂಸಿಬಲ್‌ಗೆ ಮುಚ್ಚಳ ಬೇಕು, ಇಲ್ಲವಾದರೆ ಚಕ್ಕೆ ಹೊರಗೆ ಸಿಡಿಯುತ್ತದೆ. ಕೂಪನ್ ಒಂದೇ ಒಂದು ತೂಕ, ಕ್ರೂಸಿಬಲ್ ಸಮೇತ ಇನ್ನೊಂದು ತೂಕ, 0.1 ಮಿಲಿಗ್ರಾಂ ನಿಖರತೆಗೆ. ಕ್ರೂಸಿಬಲ್ ಸಮೇತ ತೂಕದ ಏರಿಕೆಯಿಂದ ಕೂಪನ್‌ನದನ್ನು ಕಳೆದರೆ ಉದುರಿದ ಆಕ್ಸೈಡ್. ಕೂಪನ್ ತೂಕ ಮೊದಲು ಏರಿ ಆಮೇಲೆ ಇಳಿಮುಖವಾದ ಬಿಂದು ನಿಮಗೆ ಬೇಕಾದದ್ದು. 100 ಗಂಟೆ ಒಂದೇ ಬೀಸಿಗೆ ಕಾಯಿಸಿ "ಪಾಸ್" ಎಂದು ಬರೆದುಕೊಟ್ಟ ವರದಿಯನ್ನು ನಂಬಬೇಡಿ. ನಿಮ್ಮ ಬಾಸ್ಕೆಟ್ ಹಾಳಾಗುವುದು ತಣ್ಣಗಾಗುವ ಹೊತ್ತಿನಲ್ಲಿ.

---

ಕುಲುಮೆಬದಿ:

ಎಲ್ಲರಿಗೂ ಧನ್ಯವಾದ. ಎರಡು ಸಂದೇಹ. ಡಬ್ಬಿಯ ಮುಚ್ಚಳವನ್ನು ಪೂರ್ತಿ ಸೀಲ್ ಮಾಡಬೇಕೋ? ಇನ್ನೊಂದು, ಬಾಸ್ಕೆಟ್‌ಗಳು ಕೆಲವು ತಿಂಗಳಿಗೊಮ್ಮೆ ಸೊಟ್ಟಗಾಗುತ್ತವೆ, ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವುದು ವಾಡಿಕೆ. ಲೇಪನವಾದ ಮೇಲೂ ಮಾಡಬಹುದೇ?

---

ಲೋಹಪದರ:

ಪೂರ್ತಿ ಸೀಲ್ ಮಾಡಿದರೆ ಮುಚ್ಚಳ ಹಾರುತ್ತದೆ. ಲೆಕ್ಕ ನೋಡಿ: ಒಂದು ಕಿಲೋ ಮಿಶ್ರಣದಲ್ಲಿ 20 ಗ್ರಾಂ ನವಸಾಗರ. 340 ಡಿಗ್ರಿ ಹತ್ತಿರ ಅದು ಅಮೋನಿಯಾ, ಹೈಡ್ರೋಜನ್ ಕ್ಲೋರೈಡ್ ಆಗಿ ಒಡೆದರೆ ಕೋಣೆಯ ತಾಪಕ್ಕೆ ಅಳೆದರೂ 18 ಲೀಟರ್ ಅನಿಲ. ಅಮೋನಿಯಾ ಮತ್ತೆ ಒಡೆದರೆ ಇನ್ನೂ ಹೆಚ್ಚು. ಆರ್ಗಾನ್ ಒಳಬರಲು ಒಂದು ನಳಿಕೆ, ಹೊರಹೋಗಲು ಇನ್ನೊಂದು, ಒಳವ್ಯಾಸ 10 ಮಿ.ಮೀ.ಗಿಂತ ಕಡಿಮೆ ಬೇಡ. ಹೊರನಳಿಕೆಯ ತಣ್ಣನೆಯ ಭಾಗದಲ್ಲಿ ನವಸಾಗರ ಮತ್ತೆ ಬಿಳಿ ಪುಡಿಯಾಗಿ ಕಟ್ಟಿ ದಾರಿ ಮುಚ್ಚುತ್ತದೆ, 300ರಿಂದ 500 ಡಿಗ್ರಿ ದಾಟುವವರೆಗೆ ಹೊರನಳಿಕೆ ಬಿಡುವ ನೀರಿನ ಬಾಟಲಿಯಲ್ಲಿ ಬಿಡುವಿಲ್ಲದೆ ಗುಳ್ಳೆ ನೋಡುತ್ತಿರಿ. ಗುಳ್ಳೆ ನಿಂತಿತೆಂದರೆ ನಳಿಕೆ ಕಟ್ಟಿದೆ, ಏರಿಕೆ ನಿಲ್ಲಿಸಿ ಬಿಡಿಸಿ. ಅನಿಲವನ್ನು ನೀರಿನ ಬಾಟಲಿಗೆ ಬಿಡುವ ಮುನ್ನ ನಡುವೆ ಒಂದು ಖಾಲಿ ಬಾಟಲಿ ಇರಲೇಬೇಕು. ಇಲ್ಲವಾದರೆ ತಣ್ಣಗಾಗುವಾಗ ನೀರು ಹಿಂದಕ್ಕೆ ಎಳೆದು ಕಾದ ಡಬ್ಬಿಗೆ ಹೋಗುತ್ತದೆ. ಇದೆಲ್ಲ ಎಕ್ಸಾಸ್ಟ್ ಹುಡ್ ಅಡಿಯಲ್ಲಿ.

ಡಬ್ಬಿ 100 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಆರ್ಗಾನ್ ನಿಲ್ಲಿಸಬೇಡಿ, ತೆರೆಯಬೇಡಿ. ತೆಗೆದ ಭಾಗಗಳನ್ನು ಬ್ರಷ್ ಮಾಡಿ, ಬಿಸಿನೀರಿನಲ್ಲಿ ಅಲ್ಟ್ರಾಸಾನಿಕ್ ತೊಳೆತ, ತಕ್ಷಣ ಒಣಗಿಸುವುದು. ಕ್ಲೋರೈಡ್ ಉಳಿದರೆ ತೇವ ಹೀರಿಕೊಂಡು ಶೆಲ್ಫಿನಲ್ಲಿದ್ದಾಗಲೇ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತದೆ. ಬಳಸಿದ ಪುಡಿಯನ್ನೂ ಗಾಳಿಯಾಡದ ಡಬ್ಬದಲ್ಲಿಡಿ. ನೀರು ತಾಗಿದಾಗ ಅಮೋನಿಯಾ ವಾಸನೆ ಬಂದರೆ ಗಾಬರಿ ಬೇಡ, ಅದರಲ್ಲಿ ಸ್ವಲ್ಪ ಅಲ್ಯೂಮಿನಿಯಂ ನೈಟ್ರೈಡ್ ಇರುತ್ತದೆ.

ಸುತ್ತಿಗೆ ಕೂಡದು. ಈ ಅಲ್ಯೂಮಿನೈಡ್‌ಗಳು ಸುಮಾರು 600 ಡಿಗ್ರಿಗಿಂತ ಕೆಳಗೆ ಗಾಜಿನ ಹಾಗೆ, ತಣ್ಣಗಿರುವಾಗ ಬಡಿದರೆ ಪದರ ಅಡ್ಡಡ್ಡ ಸೀಳುತ್ತದೆ. ನೆಟ್ಟಗೆ ಮಾಡಲೇಬೇಕಾದರೆ ಬಾಸ್ಕೆಟ್ 800 ಡಿಗ್ರಿ ಮೇಲಿರುವಾಗ, ಬಡಿಯದೆ, ನಿಧಾನವಾಗಿ ಒತ್ತಿ.

---

ತೂಕಪಟ್ಟಿ:

ಸೊಟ್ಟಗಾಗುವುದು ಕ್ರೀಪ್ (ಬಿಸಿಯಲ್ಲಿ ತೂಕಕ್ಕೆ ಲೋಹ ನಿಧಾನವಾಗಿ ಬಾಗುವುದು) ಸಮಸ್ಯೆ, ಅದಕ್ಕೆ ಲೇಪನ ಏನೂ ಮಾಡದು. 100 ಮೈಕ್ರಾನ್ ಪದರ 3 ಮಿ.ಮೀ. ಪಟ್ಟಿಗೆ ಬಲ ಕೊಡುವುದಿಲ್ಲ. ತೂಕ ಹಂಚಿಕೆ ಬದಲಿಸಿ, ಆಧಾರದ ಬಿಂದುಗಳನ್ನು ಹತ್ತಿರ ಮಾಡಿ, ಅಥವಾ ಅಡ್ಡಸರಳು ಸೇರಿಸಿ. ಮುಂದಿನ ಬ್ಯಾಚ್ ಹೊಸದಾಗಿ ಮಾಡಿಸುವ ಯೋಚನೆ ಇದ್ದರೆ ಲೋಹವನ್ನೇ ಬದಲಿಸುವ ಲೆಕ್ಕವನ್ನೂ ಹಾಕಿ ನೋಡಿ. ನಿಕಲ್ ಮೂಲದ ಅಲಾಯ್ 602ಸಿಎಯಲ್ಲಿ ಕ್ರೋಮಿಯಂ 25%, ಅಲ್ಯೂಮಿನಿಯಂ 2%ಕ್ಕಿಂತ ಸ್ವಲ್ಪ ಹೆಚ್ಚು, ಜೊತೆಗೆ ಚೂರು ಇಟ್ರಿಯಂ, ಜಿರ್ಕೋನಿಯಂ. ಲೇಪನವಿಲ್ಲದೆಯೇ ಆಕ್ಸೈಡ್ ಚೆನ್ನಾಗಿ ಅಂಟಿಕೊಳ್ಳುತ್ತದೆ, ಕ್ರೀಪ್ ಬಲವೂ 310ಎಸ್‌ಗಿಂತ ಮೇಲು. ಕಬ್ಬಿಣ-ಕ್ರೋಮಿಯಂ-ಅಲ್ಯೂಮಿನಿಯಂ ಜಾತಿಯ ಕಾಂತಾಲ್ ಆಕ್ಸಿಡೇಶನ್‌ಗೆ ಎಲ್ಲಕ್ಕಿಂತ ಮಿಗಿಲು, ಆದರೆ ಸಾಮಾನ್ಯ ದರ್ಜೆಗಳು ಬಿಸಿಯಲ್ಲಿ ತೂಕ ಹೊತ್ತರೆ ಜೋತುಬೀಳುತ್ತವೆ, ಬಳಸಿದ ಮೇಲೆ ತಣ್ಣಗೆ ಬಾಗಿಸಿದರೆ ಮುರಿಯುತ್ತವೆ. ಭಾರ ಹೊರುವ ಬಾಸ್ಕೆಟ್‌ಗೆ ಅದನ್ನು ಆರಿಸಬೇಡಿ.

ಬಳಕೆಯಲ್ಲಿರುವಾಗ ತಿಂಗಳಿಗೊಮ್ಮೆ ಬಣ್ಣ ನೋಡಿ. ಮಾಸಲು ಬೂದು ಇದ್ದರೆ ಅಲ್ಯೂಮಿನಾ, ಪರವಾಗಿಲ್ಲ. ಹಸಿರು ಛಾಯೆ ಬಂದರೆ ಕ್ರೋಮಿಯಂ ಆಕ್ಸೈಡ್, ಅಲ್ಯೂಮಿನಿಯಂ ಕೆಳಗಿಳಿದಿದೆ. ಅಂಚಿನಲ್ಲಿ ಕಪ್ಪು ಅಥವಾ ಕಂದುಗೆಂಪು ಗಂಟು ಕಂಡರೆ ಕಬ್ಬಿಣದ ಆಕ್ಸೈಡ್. ಆ ಬಾಸ್ಕೆಟನ್ನು ಆಗಲೇ ಹೊರಗೆ ತೆಗೆದು ಬ್ಲಾಸ್ಟ್ ಮಾಡಿ ಮರುಲೇಪನಕ್ಕೆ ಕಳಿಸಿ. ತಡಮಾಡಿದರೆ ಪಟ್ಟಿಯ ದಪ್ಪವೇ ತಿಂದುಹೋಗಿ ಮರುಲೇಪನಕ್ಕೆ ಯೋಗ್ಯವಾಗಿ ಉಳಿಯುವುದಿಲ್ಲ.